ದಾರಿಹೋಕರ ಸೊಪ್ಪು

ಕರೆಂಟಿನವರು ಬಂದು, ತಂತಿಗೆ ತಾಗುತ್ತದೆಂದು ನಮ್ಮ ಮನೆ ಮುಂದಿನ ಹೊಂಗೆ ಮರದ ಕೊಂಬೆಗಳನ್ನು ಕಡಿದು ಹೋದರು. ಕಡಿಯುವುದಕ್ಕೆ ಇದ್ದ ಅವಸರ ಎತ್ತಿ ಹಾಕುವುದಕ್ಕೆ ಇರಲಿಲ್ಲ. ಸೊಪ್ಪು ಗೇಟಿನ ಪಕ್ಕ ಗುಡ್ಡೆ ಬಿದ್ದು, ಚಾಮರಾಜನಗರದ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆಲ್ಲ ಬಾಡತೊಡಗಿತು. ಬಾಡುವ ಸೊಪ್ಪಿಗೆ ಒಂದು ವಾಸನೆ ಇದೆ, ನಿಮಗೂ ಗೊತ್ತಿರಬಹುದು. ಅದು ಹಸಿ ಎಲೆಯ ವಾಸನೆಯಲ್ಲ, ಒಣಗಿದ ಎಲೆಯದೂ ಅಲ್ಲ. ನಾನು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಆ ವಾಸನೆ ಕುಡಿಯುತ್ತ ಕೂತಿದ್ದೆ. "ಅದನ್ನ ಎತ್ತಿಸಿ ಅಂದ್ರೆ ಕಾವಲು ಕೂತಿದ್ದೀರಲ್ಲ" ಎಂದು ನನ್ನ ಹೆಂಡತಿ ಒಳಗಿನಿಂದಲೇ ರೇಗಿದಳು. ಅವಳು ರೇಗಿದ್ದು ಸರಿಯೇ. ಆದರೆ ಆ ಹೊತ್ತಿಗೆ ನಾನು ಜಗಲಿಯಲ್ಲಿರಲಿಲ್ಲ, ಗುಂಡ್ಲುಪೇಟೆಯಾಚೆಯ ಕಾಡಿನಲ್ಲಿ ಒಂದು ಹೊನ್ನೆ ಮರದ ಬುಡದಲ್ಲಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಬಿ.ಎ. ಮುಗಿಸಿ, ಸಂತೆಮರಹಳ್ಳಿಯ ಸರ್ಕಲ್ಲಿನಲ್ಲಿ ನಿಂತು ಹೋಗಿಬರುವ ಬಸ್ಸುಗಳ ಬೋರ್ಡು ಓದುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ. ಗುಂಡ್ಲುಪೇಟೆಯಿಂದಾಚೆ ಬೆಟ್ಟದ ಮಗ್ಗುಲಲ್ಲಿ ಒಂದು ವನ್ಯಜೀವಿ ಉದ್ಯಾನವಿತ್ತು. ಹೆಸರು ಬೇಡ, ಹೇಳಿದರೆ ಬೇಸರ ಮಾಡಿಕೊಳ್ಳುವವರು ಈಗಲೂ ಇದ್ದಾರೆ. ಆಗ ಈ ಸೀಮೆಯಲ್ಲಿ ಕಾಡು ಎಂದರೆ ಜನಕ್ಕೆ ನೆನಪಾಗುತ್ತಿದ್ದದ್ದು ಪೊಲೀಸ್ ಜೀಪು, ಚೆಕ್‌ಪೋಸ್ಟು, ಹೆದರಿಕೆ. ಆ ಹೆದರಿಕೆ ಬಿಡಿಸಿ ಕಾಡಿನ ಮೇಲೆ ಪ್ರೀತಿ ಹುಟ್ಟಿಸಬೇಕೆಂದು ಮೇಲಿನವರು ಒಂದು ಕಾರ್ಯಕ್ರಮ ಹಾಕಿಕೊಂಡರು. ಬರುವ ಪ್ರವಾಸಿಗರನ್ನು, ಶಾಲೆಯ ಮಕ್ಕಳನ್ನು ಒಂದು ಕಾಲುದಾರಿಯಲ್ಲಿ ನಡೆಸಿಕೊಂಡು ಹೋಗಿ, ಅಲ್ಲಲ್ಲಿ ನಿಲ್ಲಿಸಿ, ಇದು ಇಂಥ ಮರ, ಇದು ಇಂಥ ಹೆಜ್ಜೆ ಎಂದು ವಿವರಿಸಬೇಕು. ಅದಕ್ಕೊಬ್ಬ ನಿರೂಪಕ ಬೇಕಾಗಿದ್ದ. ಸಂದರ್ಶನದಲ್ಲಿ ಒಂದು ಪುಟ ಕೊಟ್ಟು ಗಟ್ಟಿಯಾಗಿ ಓದಿ ಎಂದರು. ನನ್ನ ಗಂಟಲು ದೊಡ್ಡದು. ಕಿಟಕಿಯ ಮೇಲಿದ್ದ ಪಾರಿವಾಳ ಹಾರಿಹೋಯಿತು, ಕೆಲಸ ಸಿಕ್ಕಿತು.

ನನಗೆ ಕಾಡಿನ ಗಂಧಗಾಳಿಯೂ ಇರಲಿಲ್ಲ. ಗೋಡೆಗೆ ಹಾಕಿದ್ದ ಚಿತ್ರಪಟ ನೋಡಿ ಹಕ್ಕಿಗಳ ಹೆಸರನ್ನು ಮಗ್ಗಿಯ ಹಾಗೆ ಉರು ಹೊಡೆದೆ. ಮೊದಲ ವಾರದಲ್ಲೇ ವಯನಾಡಿನ ಕಡೆಯಿಂದ ಬಂದ ಒಂದು ಕುಟುಂಬಕ್ಕೆ "ಕೇಳಿ, ಅದು ಮರಕುಟಿಗದ ಕೂಗು" ಎಂದು ಕಿವಿಗೆ ಕೈ ಹಚ್ಚಿ ತೋರಿಸಿದ್ದೆ. ಅದು ಕ್ಯಾಂಟೀನಿನ ಬಾಗಿಲ ಕೀಲು. ಪುಣ್ಯಕ್ಕೆ ಅವರಿಗೆ ಕನ್ನಡ ಅಷ್ಟಕ್ಕಷ್ಟೇ. ಕಾಡು ಕಾಯುವ ವಾಚರುಗಳು, ಅಡುಗೆಯವರು ನನ್ನನ್ನು "ಕಾಡ್ ಮೇಷ್ಟ್ರು" ಎಂದು ಕರೆಯತೊಡಗಿದರು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ನಾನು ಬಿಡಿಸಿ ನೋಡಲು ಹೋಗಲಿಲ್ಲ.

ದಾರಿ ಶುರುವಾಗುವ ಗೇಟಿನಲ್ಲಿ ಒಂದು ಭಾಷಣ ಕಡ್ಡಾಯವಾಗಿತ್ತು. "ಇಲ್ಲಿಂದ ಏನನ್ನೂ ತೆಗೆದುಕೊಂಡು ಹೋಗಬೇಡಿ, ಏನನ್ನೂ ಬಿಟ್ಟು ಹೋಗಬೇಡಿ. ಒಂದೇ ಒಂದು ಎಲೆಯನ್ನೂ ಕೀಳಬೇಡಿ." ಕೊನೆಯ ವಾಕ್ಯವನ್ನು ನಾನು ಬೆರಳೆತ್ತಿ, ಸ್ವಲ್ಪ ಎಳೆದು ಹೇಳುತ್ತಿದ್ದೆ. ಮಕ್ಕಳು ಕೈ ಕಟ್ಟಿಕೊಂಡು ನಡೆಯುತ್ತಿದ್ದವು. ದಾರಿಯಲ್ಲಿ ಹುತ್ತ, ಜಿಂಕೆ ಕೊಂಬು ಉಜ್ಜಿದ ಮರ, ಕರಡಿ ಪರಚಿದ ತೊಗಟೆ, ಹೀಗೆ ಒಂದೊಂದಕ್ಕೂ ಒಂದು ಹಸಿರು ಬೋರ್ಡು. ಎಲ್ಲಕ್ಕಿಂತ ಹೆಸರು ಮಾಡಿದ್ದು ತಿರುವಿನ ಹೊನ್ನೆ ಮರದ ಕೆಳಗಿನ ಬೋರ್ಡು. ಮರದ ಬುಡದಲ್ಲಿ ಮೊಣಕಾಲೆತ್ತರಕ್ಕೆ ಸೊಪ್ಪುಸದೆಯ ಗುಡ್ಡೆ. ಬೋರ್ಡಿನ ಮೇಲೆ: "ಕಾಡುಹಂದಿಯ ಬಾಣಂತಿ ಮನೆ. ಮುಟ್ಟಬೇಡಿ."

ಅದು ನನಗಿಂತ ಮೊದಲೇ ಬಂದ ಬೋರ್ಡು. ದಾರಿಗೆ ಜಾಗ ಗುರುತಿಸಲು ಪಟ್ಟಣದಿಂದ ಬಂದಿದ್ದ ಪ್ರಾಣಿತಜ್ಞರೊಬ್ಬರು ಆ ಗುಡ್ಡೆ ನೋಡಿ ಕುಣಿದಾಡಿಬಿಟ್ಟರಂತೆ. ಹೆಣ್ಣು ಹಂದಿ ಮರಿ ಹಾಕುವ ಮುಂಚೆ ಕೊಂಬೆ, ಹುಲ್ಲು, ಸೊಪ್ಪು ಕಿತ್ತು ತಂದು ಇಂಥದೇ ಗೂಡು ಮಾಡುತ್ತದೆ. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ, ಹಂದಿ ಹಾಗೆ ಮಾಡುವುದು ನಿಜ. ಪಕ್ಕದಲ್ಲಿದ್ದ ವಾಚರು "ಬುದ್ದಿ, ಅದು..." ಎಂದು ಶುರು ಮಾಡಿದನಂತೆ. ಅವರು ತುಟಿಯ ಮೇಲೆ ಬೆರಳಿಟ್ಟು "ಶ್, ಒಳಗೆ ಮರಿ ಇರಬಹುದು" ಎಂದರಂತೆ. ಅವನು ಸುಮ್ಮನಾದ. ದೊಡ್ಡವರು ಸುಮ್ಮನಿರು ಎಂದ ಮೇಲೆ ಸುಮ್ಮನಿರುವುದು ನಮ್ಮ ಕಡೆಯವರಿಗೆ ಕಲಿಸಬೇಕಾದ ವಿದ್ಯೆಯಲ್ಲ.

ನಾನಂತೂ ಆ ಜಾಗದಲ್ಲಿ ನಾಟಕವನ್ನೇ ಆಡುತ್ತಿದ್ದೆ. ದನಿ ತಗ್ಗಿಸಿ, ಬಗ್ಗಿ, ಬಸುರಿ ಹಂದಿ ಬಾಯಲ್ಲಿ ಒಂದೊಂದೇ ಕೊಂಬೆ ಕಚ್ಚಿ ತರುವುದನ್ನು ವರ್ಣಿಸುತ್ತಿದ್ದೆ. ಹೆಂಗಸರು "ಪಾಪ, ತಾಯಿ ಕರುಳು" ಎನ್ನುತ್ತಿದ್ದರು. ಊಟಿಗೆ ಹೋಗುವವರು ಇಳಿದು ಇದೊಂದನ್ನು ಕೇಳಿಕೊಂಡು ಹೋಗುವಷ್ಟು ಅದು ಪ್ರಸಿದ್ಧವಾಯಿತು. ನನಗೂ ಒಳಗೊಳಗೇ ಕೋಡು ಮೂಡಿತ್ತು.

ಇನ್ನು ಚಿಕ್ಕತಾಯಮ್ಮ. ಪ್ರವಾಸಿಗರ ಅಡುಗೆಮನೆಯಲ್ಲಿ ಉಪ್ಪಿಟ್ಟು, ಅನ್ನ, ಸಾರು ಮಾಡುತ್ತಿದ್ದವಳು. ತೆಳ್ಳಗೆ, ಎತ್ತರ, ಮಾತು ಕಡಿಮೆ. ಉಡಿಗಾಲದ ತವರಿನವಳು. ಗಂಡ ಮಾದಯ್ಯ ಅದೇ ಕಾಡಿನಲ್ಲಿ ವಾಚರಾಗಿದ್ದ. ನಾನು ಕೆಲಸಕ್ಕೆ ಸೇರುವುದಕ್ಕೆ ಒಂದೆರಡು ಬೇಸಿಗೆಗಳ ಹಿಂದೆ, ಬೆಂಕಿ ಹರಡದಂತೆ ಹುಲ್ಲು ಸವರುತ್ತಿದ್ದಾಗ ಒಂಟಿ ಸಲಗವೊಂದು ಅವನನ್ನು ಕೊಂದಿತ್ತು. ಅವನ ಸಾವಿನ ಮೇಲೆ ಅವಳಿಗೆ ಆ ಅಡುಗೆಮನೆಯ ಕೆಲಸ ಕೊಟ್ಟಿದ್ದರು. ಇಷ್ಟು ನನಗೆ ಗೊತ್ತಿತ್ತು. ಎಲ್ಲಿ ಸತ್ತ ಎಂದು ನಾನು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವಳು, ಹಸಿದಾಗ ತಟ್ಟೆ ಮುಂದಿಡುವವಳು, ಹಾಗಾಗಿ ಬಂದ ತಿಂಗಳಿನಲ್ಲೇ "ಅಕ್ಕ" ಎನ್ನತೊಡಗಿದ್ದೆ.

ಒಂದು ಮಧ್ಯಾಹ್ನ ಪ್ರವಾಸಿಗರು ಯಾರೂ ಇರಲಿಲ್ಲ. ಅವಳು ಅವರೆಕಾಯಿ ಸುಲಿಯುತ್ತಿದ್ದಳು, ನಾನು ಸುಲಿದ ಕಾಳನ್ನು ತಿನ್ನುತ್ತಿದ್ದೆ.

"ಮೇಷ್ಟ್ರೇ, ಒಂದ್ ಮಾತ ಕೇಳ್ಲಾ? ನೀವು ಕರ್ಕಂಡ್ ಓಯ್ತೀರಲ್ಲ ಜನ, ಅವ್ರು ಆ ಹೊನ್ನೆ ಮರದ ತಾವ ಸೊಪ್ಪ ಆಕ್ತಾರಾ?"

"ಸೊಪ್ಪಾ? ಯಾಕಕ್ಕ ಹಾಕ್ತಾರೆ? ಮುಟ್ಟಬೇಡಿ ಅಂತ ಬೋರ್ಡೇ ಇದೆಯಲ್ಲ. ಹಂದಿ ಮರಿ ಹಾಕಿದ ಜಾಗ ಅದು."

ಅವಳ ಕೈ ನಿಂತಿತು. ಅವಳಿಗೆ ಓದು ಬರುತ್ತಿರಲಿಲ್ಲ. ಬೋರ್ಡಿನಲ್ಲಿ ಗಂಡನ ಹೆಸರು ಬರೆದಿದ್ದಾರೆ ಎಂದೇ ಅವಳು ಅಷ್ಟು ದಿನವೂ ತಿಳಿದಿದ್ದಳು.

"ಅಂದಿ ಎಲ್ಲಿಂದ ಬಂತು ಸಾ? ಅದು ನಮ್ಮೋರು ಬಿದ್ದ ಜಾಗ ಕಣಾ."

ಆಮೇಲೆ ಅವಳು ಹೇಳಿದ್ದನ್ನು ನಿಮಗೆ ಬಿಡಿಸಿ ಹೇಳಬೇಕು. ಅವಳ ಕಡೆಯವರಲ್ಲಿ, ಆಯಸ್ಸು ಮುಗಿಯದೆ ಕಾಡಿನಲ್ಲಿ ಸತ್ತವರು ಉಳಿದ ಆಯಸ್ಸು ತೀರುವವರೆಗೆ ರಕ್ತ ಬಿದ್ದ ಜಾಗದಲ್ಲೇ ಇರುತ್ತಾರೆ. ಅಲ್ಲಿ ಅವರಿಗೆ ಬಿಸಿಲು ತಾಗುತ್ತದೆ. ಆ ದಾರಿಯಲ್ಲಿ ಹೋಗುವವರು ಪಕ್ಕದ ಗಿಡದಿಂದ ಒಂದು ಕುಡಿ ಸೊಪ್ಪು ಮುರಿದು ಹಾಕಿದರೆ ಅದು ಅವರಿಗೆ ನೆರಳು. ಮಾದಯ್ಯನ ದೇಹವನ್ನು ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಕೊಯ್ದು ಕಟ್ಟಿ ತಂದು, ಮನೆಯ ಬಾಗಿಲಿಗೂ ತರದೆ ಮಣ್ಣು ಮಾಡಿದ್ದರು. ಅವಳ ಪಾಲಿಗೆ ಗಂಡ ಇದ್ದದ್ದು ಆ ಮಣ್ಣಿನಲ್ಲಲ್ಲ, ಹೊನ್ನೆ ಮರದ ಕೆಳಗೆ. ಸೌದೆಗೆ ಹೋಗುವವರು, ದನ ಹೊಡೆದುಕೊಂಡು ಹೋಗುವವರು, ಹುಣಿಸೆಹಣ್ಣು ಉದುರಿಸಲು ಹೋಗುವವರು ದಿನವೂ ಸೊಪ್ಪು ಹಾಕುತ್ತಿದ್ದರು. ಕಾಲುದಾರಿ ಪ್ರವಾಸಿಗರ ಪಾಲಾದ ಮೇಲೆ ಊರವರಿಗೆ ಗೇಟು ಅಡ್ಡ ಬಂತು. ಊರವರು ಆಚೆ ಹಳ್ಳದ ಕಡೆಯಿಂದ ಸುತ್ತಿಕೊಂಡು ಹೋಗತೊಡಗಿದರು.

"ಮತ್ತೆ ನೀನೇ ಹಾಕಬಹುದಲ್ಲಕ್ಕ? ಇಲ್ಲೇ ಇದ್ದೀಯ" ಎಂದೆ.

ಅವಳು ನಾನು ಏನೋ ಕೆಟ್ಟ ಮಾತಾಡಿದ ಹಾಗೆ ನೋಡಿದಳು. "ಮನೆಯೋರು ಆಕಂಗಿಲ್ಲ ಸಾ. ಮನೆಯೋರ್ ಕೈ ಸೊಪ್ಪು ಬಿದ್ರ ಅವ್ರಿಗ ಆಸೆ ಬತ್ತದ. ಎದ್ಬುಟ್ಟು ಇಂದಿಂದೇ ಮನೆಗ ಬತ್ತಾರ. ಬಂದ್ರ ಅವ್ರಿಗೂ ನೆಮ್ದಿ ಇಲ್ಲ, ನಮ್ಗೂ ಇಲ್ಲ. ಗೊತ್ತಿಲ್ದೋರೇ ಆಕ್ಬೇಕು, ದಾರೀಲಿ ಓಗೋರು."

ನನಗೆ ಇಂಥದರಲ್ಲಿ ನಂಬಿಕೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಅವಳ ಸಂಕಟವನ್ನು ನಂಬದಿರಲು ಸಾಧ್ಯವಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಗೇಟು ಕಾಣುತ್ತಿತ್ತು. ದಿನವೂ ಅಷ್ಟೊಂದು ಜನ ಆ ದಾರಿಗಿಳಿಯುವುದನ್ನು ನೋಡಿ, ಗಂಡನಿಗೆ ನೆರಳಿಗೇನೂ ಕೊರತೆಯಿಲ್ಲ ಎಂದು ಅವಳು ಸಮಾಧಾನದಲ್ಲಿದ್ದಳು. ಅಷ್ಟು ಜನರಿಗೂ ಎಲೆ ಕೀಳಬೇಡಿ ಎಂದು ಬೆರಳೆತ್ತಿ ಹೇಳಿ ಕಳಿಸುತ್ತಿದ್ದದ್ದು ಅವಳ ಕೈಯ ಊಟ ಉಣ್ಣುತ್ತಿದ್ದ ಕಾಡ್ ಮೇಷ್ಟ್ರು.

ಮಾರನೆಯ ದಿನವೇ ಉದ್ಯಾನದ ಸಾಹೇಬರ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. ನನ್ನನ್ನು ಕೂರಿಸಿ ಟೀ ತರಿಸಿದರು, ಪೂರ್ತಿ ಕೇಳಿದರು. ಮಾದಯ್ಯನ ನೆನಪಿಗೆ ಅವರ ಕಣ್ಣೂ ತೇವವಾಯಿತು. ಆಮೇಲೆ, "ನೋಡಿ, ಇಲ್ಲಿ ಆನೆ ತುಳಿದು ಒಬ್ಬ ಸತ್ತ ಅಂತ ಬೋರ್ಡ್ ಹಾಕಿದ್ರೆ ಆ ದಾರೀಲಿ ಯಾರ್ರೀ ಕಾಲಿಡ್ತಾರೆ? ಹೆದರಿಕೆ ಹೋಗ್ಲಿ ಅಂತಲ್ವಾ ಇಷ್ಟೆಲ್ಲ ಮಾಡ್ತಿರೋದು?" ಎಂದರು. ನಾನು ಎದ್ದೆ. ಬಾಗಿಲ ಹತ್ತಿರ ಹೋಗುವಾಗ ಹಿಂದಿನಿಂದ ಮತ್ತೆ ಕರೆದರು. "ಅಂದ ಹಾಗೆ, ಆ ಗುಡ್ಡೆ ಕರಗ್ತಾ ಬಂದಿದೆ. ಗೂಡು ಅಂತ ಹೇಳೋಕೆ ಗೂಡಿನ ಹಾಗೆ ಕಾಣಬೇಕಲ್ಲ. ಅಡುಗೆಯಮ್ಮನಿಗೆ ಹೇಳಿಬಿಡಿ, ಅವರಿಗೂ ಸಮಾಧಾನ ಆಗುತ್ತೆ. ವಾರಕ್ಕೊಂದ್ಸಲ ಒಂದು ಹೊರೆ ಹಸಿ ಸೊಪ್ಪು ಹಾಕ್ಲಿ."

ಅವರು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದೇ ನನಗೆ ಇವತ್ತಿಗೂ ತಡೆಯಲಾಗದ್ದು. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಬೈದುಕೊಂಡಾದರೂ ಇರುತ್ತಿದ್ದೆ.

ನಾನು ಹೇಳಲಿಲ್ಲ. ಗಾರ್ಡು ಹೇಳಿದ. ಚಿಕ್ಕತಾಯಮ್ಮ "ಆಗಕಿಲ್ಲ ಬುದ್ದಿ" ಎಂದಳು. ಸಾಹೇಬರ ಮಾತು ಮೀರುತ್ತೀಯಾ, ಕೆಲಸ ಬೇಡವಾ ಎಂದು ಅವನು ಜೋರು ಮಾಡಿದ. "ಕೆಲ್ಸ ಬುಟ್ಟೇನು, ಸೊಪ್ಪ ಆಕಕಿಲ್ಲ" ಎಂದಳು. ಕೊನೆಗೆ ಬೇರೊಬ್ಬ ವಾಚರು ಒಂದು ಹೊರೆ ಸೊಪ್ಪು ಕಡಿದು ತಂದು ಸುರಿದು ಹೋದ. ಗುಡ್ಡೆ ಮತ್ತೆ ಎತ್ತರವಾಯಿತು. ಇನ್ನಾದರೂ ಅವಳಿಗೆ ನೆಮ್ಮದಿಯಾಗಬಹುದು ಎಂದು ನಾನು ಓಡಿಹೋಗಿ ಸುದ್ದಿ ಮುಟ್ಟಿಸಿದೆ.

"ಯಾರ್ಗ ಅಂತ ಆಕ್ದ ಅವ?" ಎಂದು ಕೇಳಿದಳು.



"ಅಂದಿಗ ಅಂತ ಆಕುದ್ ಸೊಪ್ಪು ಅಂದಿಗೇ ಓಯ್ತದ ಮೇಷ್ಟ್ರೇ" ಎಂದು ಒಲೆಯ ಕಡೆ ತಿರುಗಿದಳು. ಉಪ್ಪಿಟ್ಟು ತಳ ಹಿಡಿದಿತ್ತು.

ಆಗ ನಾನು ನನ್ನ ಪಾಡಿಗೆ ಒಂದು ಉಪಾಯ ಮಾಡಿದೆ. ನಾನು ಮಾದಯ್ಯನನ್ನು ಕಂಡವನಲ್ಲ, ಅವನ ನೆಂಟನಲ್ಲ, ದಿನವೂ ಆ ದಾರಿಯಲ್ಲಿ ಹೋಗುವವನು. ಪ್ರತಿ ಸಲ ತಿರುವಿಗೆ ಬಂದಾಗ ಒಂದು ಕುಡಿ ಮುರಿದು, ಮನಸ್ಸಿನಲ್ಲಿ ಅವನ ಹೆಸರು ಹೇಳಿ ಹಾಕತೊಡಗಿದೆ. ಇದರಿಂದ ಆದ ಫಜೀತಿ ಊಹಿಸಿಕೊಳ್ಳಿ. ಗೇಟಿನಲ್ಲಿ ಎಲೆ ಕೀಳಬೇಡಿ ಎಂದವನು ತಿರುವಿನಲ್ಲಿ ತಾನೇ ಕೀಳುತ್ತಾನೆ! ಮಕ್ಕಳು "ಸಾರ್ ಸಾರ್, ನೀವೇ ಕಿತ್ರಿ" ಎಂದು ಕೂಗುವವು. ಉತ್ತರ ಹೇಳಲೇಬೇಕಾಯಿತು. ಮುಖ ನೋಡಿ, ಇವರಿಗೆ ಹೇಳಬಹುದು ಎನಿಸಿದವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ತಾಳವಾಡಿ ಕಡೆಯ ಒಬ್ಬ ಮುದುಕ ಮಾತು ಮುಗಿಯುವ ಮೊದಲೇ ಟವಲನ್ನು ತಲೆಯಿಂದ ತೆಗೆದು ಕಂಕುಳಲ್ಲಿಟ್ಟುಕೊಂಡು, "ನಮ್ಮೂರ್ಲೂ ಉಂಟು ಸಾಮಿ, ಮೊದ್ಲೇ ಏಳ್ಬಾರ್ದಾ" ಎಂದು ನನ್ನನ್ನೇ ಗದರಿ, ಸೊಪ್ಪು ಮುರಿದು ಹಾಕಿದ. ಅವನ ಹಿಂದೆ ಬಂದವರೆಲ್ಲ ಹಾಕಿದರು. ಆ ದಿನ ಅಡುಗೆಮನೆಗೆ ಹೋಗಿ ಹೇಳಿದಾಗ ಚಿಕ್ಕತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಆ ಮುದುಕನನ್ನು ಕರೆಸಿ, ಬೇಡ ಬೇಡ ಎಂದರೂ ಕೇಳದೆ ಎರಡೆರಡು ಸಲ ಅನ್ನ ಬಡಿಸಿದಳು. ಯಾಕೆಂದು ಅವನಿಗೆ ಅವಳು ಹೇಳಲಿಲ್ಲ. ಅವಳು ನಕ್ಕದ್ದನ್ನು ನಾನು ನೋಡಿದ್ದು ಅವತ್ತೊಂದೇ.

ಬಹಳ ದಿನ ನಡೆಯಲಿಲ್ಲ. ಒಂದು ಶಾಲೆಯ ಮಕ್ಕಳು ಮನೆಗೆ ಹೋಗಿ ರಾತ್ರಿ ಬೆಚ್ಚಿಬಿದ್ದವಂತೆ, ಮೇಷ್ಟ್ರುಗಳು ದೂರು ಕೊಟ್ಟರು. ಕಾಡಿನಲ್ಲಿ ದೆವ್ವದ ಕಥೆ ಹೇಳುತ್ತಾನೆ ಎಂದು ನನ್ನ ಮೇಲೆ, ಪ್ರವಾಸಿಗರ ಕೈಯಲ್ಲಿ ಗಿಡ ಮುರಿಸುತ್ತಾನೆ ಎಂದು ಮತ್ತೆ ನನ್ನ ಮೇಲೆ. ಸಾಹೇಬರು ರೇಗಿದರು, ಆಮೇಲೆ ಪಶ್ಚಾತ್ತಾಪಪಟ್ಟು, ಇದನ್ನು ಒಂದು ರೀತಿ ಸರಿ ಮಾಡೋಣ ಎಂದರು. ಸರಿ ಮಾಡಿದರು. ಹಂದಿಯ ಬೋರ್ಡು ಹೋಯಿತು. ಗುಡ್ಡೆಯ ಸುತ್ತ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದು ಹೊಸ ಬೋರ್ಡು ಹಾಕಿಸಿದರು. "ಸ್ಥಳೀಯ ಜನರ ನಂಬಿಕೆ: ಕಾಡಿನಲ್ಲಿ ಮೃತರಾದವರಿಗೆ ಸೊಪ್ಪು ಅರ್ಪಿಸುವ ಪದ್ಧತಿಯ ಕುರುಹು. ದಯವಿಟ್ಟು ಸೊಪ್ಪು ಹಾಕಬೇಡಿ. ಎಲೆ ಕೀಳುವುದು ಅಪರಾಧ." ಮಾದಯ್ಯನ ಹೆಸರು ಇರಲಿಲ್ಲ. ಆನೆಯ ಸುದ್ದಿಯೂ ಇರಲಿಲ್ಲ.

ಚಿಕ್ಕತಾಯಮ್ಮ ನೋಡಬೇಕೆಂದಳು. ಕರೆದುಕೊಂಡು ಹೋದೆ. ಅವಳು ಮಾರು ದೂರದಲ್ಲೇ ನಿಂತಳು. ಬೋರ್ಡು ಓದಿ ಹೇಳಿ ಎಂದಳು. ನನ್ನ ದೊಡ್ಡ ಗಂಟಲನ್ನು ತಗ್ಗಿಸಿ ಓದಿದೆ. ಅವಳು ತಂತಿಯನ್ನೇ ನೋಡುತ್ತಿದ್ದಳು.

"ಬೇಲಿ ಆಕ್ಬುಟ್ರಾ. ಬದುಕಿದ್ದಾಗ್ಲೂ ಇಂಗೇ ಕಾಡ್ನಲ್ಲಿ ಕಟ್ಟಾಕಿದ್ರು" ಎಂದಳು.

ಆ ವಾರವೇ ಅವಳು ಕೆಲಸ ಬಿಟ್ಟು ಉಡಿಗಾಲಕ್ಕೆ ಹೋದಳು. ಯಾರೂ ಬಿಡಿಸಲಿಲ್ಲ, ಯಾರೂ ತಡೆಯಲೂ ಇಲ್ಲ.

ನಾನು ಹಟಮಾರಿ. ಪ್ರವಾಸಿಗರಿಲ್ಲದ ಹೊತ್ತಿನಲ್ಲಿ ಹೋಗಿ ತಂತಿಯ ಮೇಲಿಂದ ಸೊಪ್ಪು ಎಸೆದು ಬರುತ್ತಿದ್ದೆ. ಕೆಲವೊಮ್ಮೆ ಅದು ಮುಳ್ಳಿಗೆ ಸಿಕ್ಕಿಕೊಂಡು ಅಲ್ಲೇ ಒಣಗುತ್ತಿತ್ತು. ಕೆಲವು ತಿಂಗಳ ಮೇಲೆ, ಹೇಳಿದರೆ ಅವಳ ಮನಸ್ಸಿಗೆ ಹಗುರವಾದೀತೆಂದು ಉಡಿಗಾಲಕ್ಕೆ ಹೋದೆ. ತಮ್ಮನ ಮನೆಯಲ್ಲಿದ್ದಳು, ಯಾರದೋ ಹೊಲದಲ್ಲಿ ಅರಿಶಿನ ಕಿತ್ತು ಆಗತಾನೇ ಬಂದಿದ್ದಳು, ಕೈಯೆಲ್ಲ ಹಳದಿ. ನೀರು ಕೊಟ್ಟಳು. ನಾನು ಹೇಳಿದೆ: ಅಕ್ಕ, ಯಾರೂ ಹಾಕದಿದ್ದರೂ ನಾನು ಹಾಕುತ್ತಿದ್ದೇನೆ, ದಿನವೂ, ಅವನ ಹೆಸರು ಹೇಳಿಯೇ ಹಾಕುತ್ತಿದ್ದೇನೆ.

ಅವಳು ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಬಿಳಿಚಿತು.

"ನನ್ನ ಏನಂತ ಕರೀತೀರಿ ಮೇಷ್ಟ್ರೇ?"

"ಅಕ್ಕ ಅಂತ."

"ಅಕ್ಕನ ಗಂಡ ನಿಮ್ಗ ಏನಾಗ್ಬೇಕು?"

ನನಗೆ ಅರ್ಥವಾಯಿತು.

"ಬಾವ ಆಯ್ತಾರ. ಮೊದ್ಲು ಗೊತ್ತಿಲ್ದೋರಾಗಿದ್ರಿ, ಆಕಿದ್ರಿ, ಸರಿ. ಈಗ ಮನೆಯೋರೇ ಆಗ್ಬುಟ್ಟಿದ್ದೀರಿ. ಇನ್ನ ಆಕ್ಬ್ಯಾಡಿ, ನಿಮ್ ಕಾಲ್ಗ ಬೀಳ್ತೀನಿ. ಅವ್ರು ಎದ್ ನಿಮ್ ಇಂದಿಂದೇ ಬಂದ್ಬುಟ್ಟಾರು." ಹೇಳುತ್ತ ಹೇಳುತ್ತ ಅವಳು ಅತ್ತಳು. ನಾನೂ ಅತ್ತೆ. ಅಂಗಳದಲ್ಲಿ ಅವಳ ತಮ್ಮ ಏನಾಯಿತೋ ಎಂದು ಗಾಬರಿಯಾಗಿ ನಿಂತಿದ್ದ. ಅವತ್ತಿನಿಂದ ನಾನು ಸೊಪ್ಪು ಹಾಕಲಿಲ್ಲ. ನಂಬಿಕೆ ಇಲ್ಲದವನು ಯಾಕೆ ಬಿಟ್ಟೆ ಎಂದು ಕೇಳುತ್ತೀರಾ? ಕೈಯಲ್ಲಿ ಕುಡಿ ಮುರಿದುಕೊಂಡು ನಿಂತಾಗಲೆಲ್ಲ ಅವಳು ಅತ್ತದ್ದು ಕಣ್ಣಿಗೆ ಬರುತ್ತಿತ್ತು, ಅದಕ್ಕೆ.

ಕಾರ್ಯಕ್ರಮ ಹೆಚ್ಚು ವರ್ಷ ಬಾಳಲಿಲ್ಲ. ಆಮೇಲೆ ಬಂದವರಿಗೆ ಜನ ನಡೆಯುವುದಕ್ಕಿಂತ ವ್ಯಾನಿನಲ್ಲಿ ಸುತ್ತುವುದೇ ಚೆನ್ನಾಗಿ ಕಂಡಿತು. ನಾನು ಶಾಲೆಯ ಮೇಷ್ಟ್ರಾದೆ, ನಿವೃತ್ತಿಯೂ ಹತ್ತಿರ ಬಂತು. ಆ ಕಾಲುದಾರಿಯನ್ನು ಲಂಟಾನ ಮುಚ್ಚಿಕೊಂಡಿದೆ. ಅಲ್ಲಿ ಈಗ ಊರವರಿಗೂ ಪ್ರವೇಶವಿಲ್ಲ, ಪ್ರವಾಸಿಗರಿಗೂ ಇಲ್ಲ.

ಹೋದ ವರ್ಷ ಉಮ್ಮತ್ತೂರಿನ ಬಸ್ಸಿನಲ್ಲಿ ಚಿಕ್ಕತಾಯಮ್ಮನ ತಮ್ಮ ಸಿಕ್ಕಿದ. ಅಕ್ಕ ಮಳೆಗಾಲದಲ್ಲಿ ತೀರಿಕೊಂಡಳು, ಮನೆಯಲ್ಲೇ, ಮಲಗಿದ ಹಾಗೇ ಎಂದ. "ಕೊನೆಗಂಟ್ಲೂ ಅದೊಂದೇ ಕೇಳೋಳು ಸಾ. ಗುಂಡ್ಲುಪೇಟೆ ಕಡೆಯಿಂದ ಯಾರ್ ಬಂದ್ರೂ ಸರಿ, ಆ ದಾರೀಲಿ ಜನ ಓಡಾಡ್ತಾರಾ ಅಂತ. ಓಡಾಡ್ತಾರ ಕಣಕ್ಕ, ಬೇಕಾದಷ್ಟು ಜನ, ಅಂತ ಏಳ್ಬುಡ್ತಿದ್ದೋ."

ಮಾದಯ್ಯ ಬದುಕಿದ್ದರೆ ಈಗ ಎಪ್ಪತ್ತರ ಆಸುಪಾಸು. ಅವಳು ಹೇಳಿದ್ದು ನಿಜವೇ ಆಗಿದ್ದರೆ ಅವನ ಆಯಸ್ಸು ಇನ್ನೂ ತೀರಿಲ್ಲ, ಈ ಬೇಸಿಗೆಯೂ ಅವನು ಅಲ್ಲೇ ಬಿಸಿಲಿನಲ್ಲಿದ್ದಾನೆ. ನಾನು ಹೋಗಿ ಹಾಕುವಂತಿಲ್ಲ. ನೀವು ಅವನನ್ನು ಕಂಡವರಲ್ಲ, ಅವಳ ಕೈಯ ಅನ್ನ ಉಂಡವರಲ್ಲ, ಅವಳನ್ನು ಅಕ್ಕ ಎಂದು ಕರೆದವರಲ್ಲ. ಊಟಿಗೋ ವಯನಾಡಿಗೋ ಹೋಗುವಾಗ ಗುಂಡ್ಲುಪೇಟೆ ದಾಟಿ ಕಾಡು ಶುರುವಾದ ಮೇಲೆ, ಎಲ್ಲಾದರೂ ಸರಿ, ಒಂದು ಕುಡಿ ಸೊಪ್ಪು ರಸ್ತೆಯ ಬದಿಗೆ ಹಾಕಿ ಮಾದಯ್ಯ ಅನ್ನಿ. ಅಷ್ಟು ದೂರದಿಂದ ಹಾಕಿದ್ದು ಅವನಿಗೆ ಮುಟ್ಟುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳೋಣ ಎಂದರೆ ಅಕ್ಕನೂ ಇಲ್ಲ.